ಗೋಲಿ ಸೋಡಾ ಬಾಟ್ಲಿಯ ವೈನು

ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ವಲೇರಿಯನನ ಮೂಗು ಹೋಯಿತು. ಮುಖದ ಮೇಲೆ ಅದು ಅಲ್ಲೇ ಇತ್ತು, ದಪ್ಪಗೆ, ತುದಿಯಲ್ಲಿ ಕೆಂಪಗೆ, ಮೊದಲಿನ ಹಾಗೆಯೇ. ಕೆಲಸ ಮಾಡುವುದನ್ನು ಮಾತ್ರ ಬಿಟ್ಟಿತ್ತು. ಜ್ವರ ಬಂತು, ನೆಗಡಿ ಕಟ್ಟಿತು. ಜ್ವರ ಬಿಟ್ಟಿತು, ನೆಗಡಿಯೂ ಇಳಿಯಿತು. ವಾಸನೆ ತಿರುಗಿ ಬರಲಿಲ್ಲ. ಹೆಂಡತಿ ಬರ್ತಾಳಿಗೆ ಬ್ಯಾಂಕಿನಲ್ಲಿ ಕೆಲಸ ಉಂಟೆಂದು ಸುಳ್ಳು ಹೇಳಿ, ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಟಾರ್ಚು ಬಿಟ್ಟು ನೋಡಿ, ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರು. ಮಳೆಯ ವಿಷಯದಲ್ಲಿ ರೇಡಿಯೋದವರು ಹೇಳುವ ಹಾಗೆ.

ಇನ್ನೊಬ್ಬನಾಗಿದ್ದರೆ ಹೋದರೆ ಹೋಯಿತು ಎನ್ನುತ್ತಿದ್ದ. ವಲೇರಿಯನ್ ಮೂಗಿನಿಂದಲೇ ಬದುಕಿದವನು. ಕಟಪಾಡಿ ಪೇಟೆಯ ಹಿಂದೆ, ಹಂಚಿನ ಶೆಡ್ಡಿನಲ್ಲಿ, ಮೂವತ್ತು ವರ್ಷ ಗೋಲಿ ಸೋಡಾ ಮಾಡಿದವನು. ಲಿಂಬೆ, ಶುಂಠಿ, ಕಿತ್ತಳೆ, ಎಲ್ಲದರ ಹದವೂ ಮೂಗಿನಲ್ಲಿ. ಬಾವಿಯ ನೀರಿಗೆ ಎಲೆ ಬಿದ್ದು ಕೊಳೆತಿದ್ದರೆ ಕೊಡಪಾನ ಅಂಗಳಕ್ಕೆ ಬರುವ ಮೊದಲೇ ಹೇಳುತ್ತಿದ್ದ. ಆಮೇಲೆ ಲಾರಿ ಲಾರಿ ಕೋಲಾ ಬಂತು. ಕೋಲಾದವರು ಅಂಗಡಿಯವರಿಗೆ ಪುಕ್ಕಟೆ ಫ್ರಿಜ್ಜು ಕೊಟ್ಟರು, ಫ್ರಿಜ್ಜಿನೊಳಗೆ ಬೇರೆಯವರ ಬಾಟ್ಲಿ ಇಡಬಾರದೆಂದರು. ನಿನ್ನೆಯವರೆಗೆ "ಎರಡು ಕ್ರೇಟು ಹೆಚ್ಚು ಹಾಕು ಮಾರಾಯ" ಎನ್ನುತ್ತಿದ್ದವರು ಮುಖ ತಿರುಗಿಸಿದರು. ತೊಂಬತ್ತೊಂಬತ್ತರಲ್ಲಿ ಶೆಡ್ಡಿನ ಚಕ್ರ ನಿಂತಿತು. ಹಸಿರು ಬಾಟ್ಲಿಗಳ ಕ್ರೇಟುಗಳು ಮಾತ್ರ ಗೋಡೆಗೆ ಒರಗಿ ಉಳಿದವು.

ಉಳಿದದ್ದು ಇನ್ನೊಂದು ಇತ್ತು: ವರ್ಷಕ್ಕೊಮ್ಮೆಯ ವೈನು.

ಕ್ರಿಸ್ಮಸ್ಸಿಗೆ ಮನೆಯಲ್ಲಿ ದ್ರಾಕ್ಷಿ ವೈನು ಹಾಕುವುದು ಅವರ ಜನರಲ್ಲಿ ಎಲ್ಲರೂ ಮಾಡುವ ಕೆಲಸ. ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಮೇಲೊಂದು ಬಟ್ಟೆ. ಎಲ್ಲರ ವೈನು ಗ್ಲಾಸಿನಲ್ಲಿ ಸುಮ್ಮನೆ ನಿಂತಿರುತ್ತದೆ. ವಲೇರಿಯನನದು ಹಾರುತ್ತಿತ್ತು. ಹುಳಿಯುವುದು ಪೂರ್ತಿ ನಿಲ್ಲುವ ಮೊದಲೇ ಸೋಸಿ, ಗೋಲಿ ಬಾಟ್ಲಿಗೆ ತುಂಬಿಸಿ, ಮೇಲೆ ಚಿಟಿಕೆ ಸಕ್ಕರೆ ಹಾಕಿ, ಬಾಟ್ಲಿಯನ್ನು ತಲೆಕೆಳಗಾಗಿ ಕ್ರೇಟಿನಲ್ಲಿ ನಿಲ್ಲಿಸುತ್ತಿದ್ದ. ಗೋಲಿ ಕತ್ತಿನೊಳಗೆ ಬಂದು ಕೂರುತ್ತದೆ, ಒಳಗೆ ಹುಟ್ಟಿದ ಗ್ಯಾಸು ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಒಂದೆರಡು ಬಾಟ್ಲಿ ಒಡೆಯುವುದು ಇದ್ದದ್ದೇ. ಅದಕ್ಕೆ ಮೇಲೆ ಒದ್ದೆ ಗೋಣಿ. ಗೋಲಿ ಒತ್ತಿದರೆ ಕೀಂಯೆಂದು ಕೂಗಿ ನೇರಳೆ ನೊರೆ ಉಕ್ಕಿ ಬರುತ್ತಿತ್ತು. ದೊಡ್ಡವರು ದೊಡ್ಡ ಹೋಟೆಲಿನಲ್ಲಿ ಕುಡಿಯುವ ಬುರುಗು ವೈನು ಹೀಗೇ ಇರುವುದಂತೆ. ವಲೇರಿಯನ್ ಅದನ್ನು ಕಂಡವನಲ್ಲ.

ಅದನ್ನು ಮಾರುತ್ತಿರಲಿಲ್ಲ. ಕ್ರಿಸ್ಮಸ್ಸಿಗಿಂತ ಮೊದಲಿನ ಭಾನುವಾರ ಶೆಡ್ಡಿನಲ್ಲಿ ಮೂವರು ಸ್ನೇಹಿತರು ಬಂದು ಕೂತ ಮೇಲೆಯೇ ಮೊದಲ ಬಾಟ್ಲಿ ಬಿಚ್ಚುವುದು. ಅಲ್ಲಿಯವರೆಗೆ ಬರ್ತಾಳಿಗೂ ಒಂದು ತೊಟ್ಟು ಇಲ್ಲ. ಈ ಕಟ್ಟಳೆ ಪೊಲೀಸು ಠಾಣೆಯಲ್ಲಿ ಹುಟ್ಟಿದ್ದು.

ತೊಂಬತ್ತೇಳರ ಬೇಸಗೆ. ಹೆದ್ದಾರಿ ಬದಿಯಲ್ಲಿ ಮೀನು ಮಾರುವ ಹೆಂಗಸರು ಏಳಬೇಕೆಂದು ಅಪ್ಪಣೆಯಾಯಿತು. ಹೆಂಗಸರು ಎದ್ದರು, ಎದ್ದು ಬುಟ್ಟಿ ಸಮೇತ ನಡುರಸ್ತೆಯಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಕಾಪುವಿನ ವಾರಿಜಾ, ಅವಳ ಬೆನ್ನಿಗೆ ಬೋಟಿನಲ್ಲಿ ದುಡಿಯುವ ಅಣ್ಣ ಚೆನ್ನಪ್ಪ. ಬಿಸಿಲು ಜೋರಿತ್ತು, ವ್ಯಾಪಾರ ಆದೀತೆಂದು ವಲೇರಿಯನ್ ಕೈಗಾಡಿಯಲ್ಲಿ ಸೋಡಾ ತಂದ. ಚಳವಳಿಯ ಮೇಲಿನ ಪ್ರೀತಿಯಿಂದ ಅಲ್ಲ. ಪಕ್ಕದಲ್ಲಿ ಚರಂಡಿಗೆ ಕಲ್ಲು ಕಟ್ಟುತ್ತಿದ್ದ ಬಾಗಲಕೋಟೆ ಕಡೆಯ ಗೌಂಡಿ ರೇವಪ್ಪ ಒಂದು ಸೋಡಾ ಕುಡಿಯಲು ಬಂದು ನಿಂತ. ಅಷ್ಟರಲ್ಲಿ ಪೊಲೀಸರು ಬಂದರು. ಸೋಡಾ ಬಾಟ್ಲಿ ಎಂದರೆ ಪೊಲೀಸರ ಲೆಕ್ಕದಲ್ಲಿ ಬಾಂಬಿನ ತಮ್ಮ. ವಾರಿಜಾ, ಚೆನ್ನಪ್ಪ, ಗಾಡಿ, ಗಾಡಿಯವನು, ಅರ್ಧ ಕುಡಿದ ಬಾಟ್ಲಿ ಹಿಡಿದ ರೇವಪ್ಪ, ಎಲ್ಲರನ್ನೂ ವ್ಯಾನಿಗೆ ತುಂಬಿದರು. ಠಾಣೆಯಲ್ಲಿ ಇಡೀ ದಿನ ಸೆಕೆ. ಸಂಜೆಯಾಗುವುದರೊಳಗೆ ಸಾಕ್ಷಿಯನ್ನೆಲ್ಲ ಪೊಲೀಸರೇ ಕುಡಿದು ಮುಗಿಸಿದ್ದರು. ಖಾಲಿ ಬಾಟ್ಲಿಯ ಮೇಲೆ ಎಂತ ಕೇಸು? ಬಿಟ್ಟು ಕಳಿಸಿದರು.

ಹೆಂಗಸರು ಆಮೇಲೂ ಅಲ್ಲೇ ಕೂತು ಮೀನು ಮಾರಿದರು. ಆ ವರ್ಷದ ಕ್ರಿಸ್ಮಸ್ಸಿಗೆ ವಲೇರಿಯನ್ ಆ ಮೂವರನ್ನು ಕರೆದ. ಅಂದಿನಿಂದ ತಪ್ಪಿಲ್ಲ. ರೇವಪ್ಪನಿಗೆ ತುಳು ಬಾರದ್ದರಿಂದ ಆ ಶೆಡ್ಡಿನಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು. ಸೋಡಾ ನಿಂತ ಮೇಲೆ ವಲೇರಿಯನನನ್ನು ಹುಡುಕಿಕೊಂಡು ಬರುವವರು ಈ ಮೂವರೇ. ಮೂಗು ಹೋಗಿದೆ ಎಂದು ತಿಳಿದರೆ ವೈನು ನಿಲ್ಲುತ್ತದೆ, ವೈನು ನಿಂತರೆ ಇವರು ಯಾಕೆ ಬರಬೇಕು? ಅವನ ಹೆದರಿಕೆ ಇದೊಂದೇ. ಹಾಗಾಗಿ ಬಾಯಿ ಮುಚ್ಚಿ ನಾಟಕ ಶುರುಮಾಡಿದ. ಬರ್ತಾ ಸಾರು ಬಡಿಸಿದರೆ ಬಣ್ಣ ನೋಡಿ ಹೊಗಳಿದ. ಪಕ್ಕದಲ್ಲೇ ಹಾಲು ಸೀದು ಕರಿಯಾದಾಗ ನಿದ್ದೆ ಹತ್ತಿತ್ತು ಎಂದ. ಬರ್ತಾ ಪಾತ್ರೆ ಉಜ್ಜುತ್ತಾ ಅವನ ಮುಖ ನೋಡಿದಳು.

ನವೆಂಬರಿನ ಒಂದು ಬೆಳಿಗ್ಗೆ ವಾರಿಜಾ ಬುಟ್ಟಿ ಇಳಿಸಿದಾಗ ಬಂಗುಡೆ ಆರಿಸಿದ. ಮೊದಲೆಲ್ಲ ಕಿವಿರು ಎತ್ತಿ ಮೂಗಿಗೆ ಹಿಡಿಯದೆ ಒಂದು ಮೀನು ತೆಗೆದುಕೊಂಡವನಲ್ಲ. "ನನ್ನ ಮೀನಿಗೆ ಮುತ್ತು ಕೊಡುವುದು ಸಾಕು ಪೊರ್ಬುಗಳೇ" ಎಂದು ವಾರಿಜಾ ಕೆಣಕುತ್ತಿದ್ದಳು. ಕ್ರಿಶ್ಚಿಯನ್ ಮನೆಯ ಯಜಮಾನ ಅವಳಿಗೆ ಪೊರ್ಬು, ಯಜಮಾನಿ ಬಾಯಮ್ಮ. ಅಂದು ಹೊಳಪು ನೋಡಿ ನಾಲ್ಕು ತೆಗೆದಿಟ್ಟ. ವಾರಿಜಾ ಅದರಲ್ಲೊಂದನ್ನು ಸುಮ್ಮನೆ ಹಿಂದಕ್ಕೆ ಹಾಕಿ, ಅಡಿಯಿಂದ ಬೇರೊಂದು ತೆಗೆದುಕೊಟ್ಟು, ಸೆರಗು ಬಿಗಿದು ಹೋದಳು.

ಅದೇ ತಿಂಗಳು ಬರ್ತಾ ತಂಗಿಯ ಮನೆಗೆಂದು ಕಾರ್ಕಳಕ್ಕೆ ಹೋಗಿದ್ದಾಗ ಅವನು ದ್ರಾಕ್ಷಿ ಹಾಕಿದ. ಅಂಗಳದಲ್ಲಿ ಭರಣಿಯೊಂದು ತೊಳೆದು ಕವುಚಿ ಇಟ್ಟಿತ್ತು. ಅಟ್ಟ ಹತ್ತುವ ಕೆಲಸ ತಪ್ಪಿತೆಂದು ಅದನ್ನೇ ಎತ್ತಿಕೊಂಡ. ದಿನಾ ಮರದ ಸೌಟಿನಿಂದ ತಿರುಗಿಸಿದ. ಕಿವಿ ಹಚ್ಚಿದರೆ ಒಳಗೆ ಚುರುಚುರು ಸದ್ದು. ಕಣ್ಣಿಗೆ ಬಣ್ಣ ಸರಿ. ನಾಲಗೆಗೆ ಸಿಹಿ ಸಿಕ್ಕಿತು, ಹುಳಿ ಸಿಕ್ಕಿತು, ಅದರಾಚೆ ಗೋಡೆ. ಸೋಸಿ ಬಾಟ್ಲಿಗೆ ತುಂಬಿಸಿದ ಮೇಲೆ, ಆಯಿತು, ದಾಟಿದೆ ಅಂದುಕೊಂಡ.

ಕ್ರಿಸ್ಮಸ್ಸಿನ ಹಿಂದಿನ ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಮೂವರೂ ಶೆಡ್ಡಿನ ಮುಂದಿದ್ದರು. ಚೆನ್ನಪ್ಪ ಬಿಳಿ ಅಂಗಿ ಹಾಕಿದ್ದ. ರೇವಪ್ಪನ ಕೈಯಲ್ಲಿ ಊರಿಂದ ಬಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ವಾರಿಜಾ ಪೇಪರಿನಲ್ಲಿ ಸುತ್ತಿದ ಬಂಗುಡೆಯನ್ನು ಬರ್ತಾಳ ಕೈಗೆ ಕೊಟ್ಟಳು.

"ಏನು ರೇವಪ್ಪ, ಹೊಟ್ಟೆ ಮುಂದೆ ಬಂದಿದೆ. ಕಂಟ್ರಾಕ್ಟರ್ ಆದೆಯಾ?" ಎಂದ ವಲೇರಿಯನ್, ಗೋಣಿ ಸರಿಸುತ್ತಾ.

"ಎಲ್ಲೀದ್ರಿ ಅಣ್ಣಾರ. ಕಂಟ್ರಾಕ್ಟರ್ ಆಗಿದ್ರ ನಿಮ್ಮ ಹರಕ ಕ್ರೇಟಿನ ಮ್ಯಾಲ ಕೂಡ್ತಿದ್ನೇನ್ರಿ?"

"ಮಾತು ಸಾಕು, ಬಿಚ್ಚು ಮಾರಾಯ" ಎಂದ ಚೆನ್ನಪ್ಪ. "ಹೋದ ವರ್ಷದ್ದು ನೆನೆಸಿಕೊಂಡೇ ನಾನು ಇಡೀ ಮಳೆಗಾಲ ಕಳೆದದ್ದು."

ವಲೇರಿಯನ್ ಗೋಲಿ ಒತ್ತಿದ. ಕೀಂಯ್! ನೊರೆ ಉಕ್ಕಿ ಅವನ ಮುಂಗೈ ತೋಯಿಸಿತು. ಅಂಥ ಗ್ಯಾಸು ಯಾವ ವರ್ಷವೂ ಬಂದಿರಲಿಲ್ಲ. ಸ್ಟೀಲಿನ ಲೋಟಗಳಿಗೆ ಹೊಯ್ದ. ಮಾಡಿದವನೇ ಮೊದಲ ಗುಟುಕು ಕುಡಿಯಬೇಕು. ಕುಡಿದ. ಗುಳ್ಳೆಗಳು ನಾಲಗೆಗೆ ಚುಚ್ಚಿದವು. "ಹ್ಞಾಂ" ಎಂದು ಪ್ರತಿ ವರ್ಷದಂತೆ ತಲೆಯಾಡಿಸಿದ.

ಚೆನ್ನಪ್ಪ ಒಂದು ಗುಟುಕು ಹಾಕಿ ಲೋಟದೊಳಗೆ ನೋಡಿದ. ಎರಡನೇ ಗುಟುಕು ಹಾಕಲಿಲ್ಲ. "ಒಳ್ಳೇದುಂಟು" ಎಂದ. ರೇವಪ್ಪ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿ, "ಛಲೋ ಐತ್ರಿ. ಭಾಳ ಛಲೋ ಐತಿ" ಎಂದ. ಎರಡು ಸಲ ಹೇಳಿದ್ದೇ ತಪ್ಪಾಯಿತು. ವಲೇರಿಯನ್ ಒಬ್ಬೊಬ್ಬರ ಮುಖ ನೋಡಿದ. ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಏನು ಎಂದು ಗೊತ್ತಾಗಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ವಾರಿಜಾ ಕುಡಿದಿರಲಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದಳು.

"ಪೊರ್ಬುಗಳೇ, ಇದಕ್ಕೆ ಎಂತ ಹಾಕಿದ್ದು?"

"ಎಂತ ಹಾಕುವುದು? ದ್ರಾಕ್ಷಿ."

"ಬರೀ ದ್ರಾಕ್ಷಿಯಾ?"

"ಮತ್ತೆ ಬೂತಾಯಿ ಮೀನು ಹಾಕ್ಲಿಕ್ಕುಂಟಾ?"

"ಬೂತಾಯಿ ಅಲ್ಲ" ಎಂದಳು ವಾರಿಜಾ. "ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಬಾಗಿಲಲ್ಲಿರುವ ಬಾಯಮ್ಮನಿಗೂ ಹೊಡೆದೀತು, ಹಾಗೆ ನಾರ್ತಾ ಉಂಟು. ನಿಮಗೆ ಮಾತ್ರ ಗೊತ್ತಾಗುವುದಿಲ್ಲ, ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ಬರ್ತಾ ಹಣೆ ಬಡಿದುಕೊಂಡಳು. ಬೇಸಗೆಯಲ್ಲಿ ಕಾಯಿ ಮಾವು ಉಪ್ಪಿಗೆ ಹಾಕುವ ಭರಣಿ, ವೈನಿನ ಭರಣಿ, ಎರಡೂ ಒಂದೇ ಸಂತೆಯಲ್ಲಿ ತಂದ ಜೋಡಿ. ಒಂದೇ ಗಾತ್ರ, ಒಂದೇ ಬಣ್ಣ. ಇದು ಯಾವುದು, ಅದು ಯಾವುದು ಎಂದು ಆ ಮನೆಯಲ್ಲಿ ಯಾರೂ ಗುರುತು ಹಾಕಿಟ್ಟಿರಲಿಲ್ಲ. ಮುಚ್ಚಳ ತೆಗೆದರೆ ಭರಣಿಯೇ ಹೇಳುತ್ತಿತ್ತು. ಎಷ್ಟು ಬಿಸಿನೀರು ಹೊಯ್ದರೂ ಆ ವಾಸನೆ ಹೋಗುವುದಿಲ್ಲ.

ವಲೇರಿಯನ್ ಲೋಟ ಕೆಳಗಿಟ್ಟ. ಇಟ್ಟದ್ದು ಸರಿಯಾಗದೆ ಅರ್ಧ ಚೆಲ್ಲಿತು.

"ಇಲ್ಲ" ಎಂದ. "ಆಟಿಯಿಂದ ಇಲ್ಲ. ಎಂತದೂ ಇಲ್ಲ. ಇವಳ ಸಾರು ಇಲ್ಲ, ಮಳೆಗೆ ಮಣ್ಣು ಇಲ್ಲ, ಎಂತದೂ ಇಲ್ಲ." ಚೆಲ್ಲಿದ ಲೋಟವನ್ನು ನೆಟ್ಟಗೆ ನಿಲ್ಲಿಸಿ, "ಇನ್ನು ವೈನು ಆಗ್ಲಿಕ್ಕಿಲ್ಲ. ನೀವು ಸುಮ್ಮನೆ ದೂರದಿಂದ ಬರುವುದು ಬೇಡ" ಎಂದ.

"ಬಂಗುಡೆ ದಿನವೇ ನನಗೆ ಗೊತ್ತಾಗಿದೆ" ಎಂದಳು ವಾರಿಜಾ. "ಹಳಸಿದ ಮೀನು ಆರಿಸಿಟ್ಟಿರಿ. ಬೇರೆಯವರಾದರೆ ಅದನ್ನೇ ಕೊಟ್ಟು ನಗುತ್ತಿದ್ದೆ."

"ನನಗೆ ಹಾಲು ಸೀದ ದಿನ" ಎಂದಳು ಬರ್ತಾ ಬಾಗಿಲಿಂದಲೇ. "ನೀವೇ ಹೇಳ್ತೀರೆಂದು ಕಾದೆ. ಮನುಷ್ಯನಿಗೆ ಬಾಯಿ ಉಂಟಲ್ಲ, ಅದೂ ಹೋಗಿದೆಯೋ ಎಂದು ನೋಡ್ತಿದ್ದೆ."

ಚೆನ್ನಪ್ಪನಿಗೆ ಸಿಟ್ಟು ಬಂದಿತ್ತು. "ಅಲ್ಲ ಮಾರಾಯ, ಬೋಟಿನ ಇಂಜಿನು ನನ್ನ ಎಡಗಿವಿ ತಿಂದು ಹತ್ತು ವರ್ಷ ಆಯ್ತು. ನಾನು ಸಮುದ್ರಕ್ಕೆ ಹೋಗುವುದು ಬಿಟ್ಟಿದ್ದೇನಾ? ಪಕ್ಕದವನು ಕಿರುಚ್ತಾನೆ, ನಾನು ಬಲೆ ಎಳೀತೇನೆ. ನಿನ್ನ ಬಾಟ್ಲಿಗೋಸ್ಕರ ನಾವು ಬರುವುದೆಂದು ನಿನಗೆ ಯಾರು ಹೇಳಿದ್ದು?"

"ಮತ್ತೆ ಎಂತಕ್ಕೆ ಬರುವುದು?"

ಚೆನ್ನಪ್ಪ ಅಂಥ ಮಾತು ಆಡಿ ಅಭ್ಯಾಸವಿದ್ದವನಲ್ಲ. "ವರ್ಷಕ್ಕೊಂದು ಸಲ ಕೂತುಕೊಳ್ಳಲಿಕ್ಕೆ ಒಂದು ಜಾಗ ಬೇಡವಾ?" ಎಂದು ಗದರಿದ.

ರೇವಪ್ಪ ತಲೆ ಕೆರೆದುಕೊಂಡ. "ನಾ ಸುಳ್ಳ ಹೇಳಿನ್ರಿ ಅಣ್ಣಾರ, ತಪ್ಪಾತು. ಖರೇ ಅಂದ್ರ ಕುಡ್ಯಾಕ ಆಗಂಗಿಲ್ಲ. ಆದ್ರ ರೊಟ್ಟಿ ಜೋಡಿ ಹಚ್ಕೊಂಡ್ ತಿನ್ನಾಕ ಅಡ್ಡಿ ಇಲ್ಲ ನೋಡ್ರಿ." ಎಂದವನೇ ರೊಟ್ಟಿಯ ಚೂರೊಂದನ್ನು ಲೋಟದಲ್ಲಿ ಅದ್ದಿ ಬಾಯಿಗಿಟ್ಟು, ಮುಖ ಹಿಂಡಿದ.

ಮೊದಲು ನಕ್ಕವಳು ಬರ್ತಾ. ಆಮೇಲೆ ಎಲ್ಲರೂ. ವಲೇರಿಯನನೂ ನಕ್ಕ, ನಗುತ್ತಾ ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ. ಯಾರೂ ಅತ್ತ ನೋಡಲಿಲ್ಲ.

ವಾರಿಜಾ ಎದ್ದು ಎರಡು ಬಾಟ್ಲಿ ಕಂಕುಳಲ್ಲಿ ಇಟ್ಟುಕೊಂಡಳು. "ಬಾಯಮ್ಮ, ಮಸಾಲೆ ಕಡೆಯಿರಿ. ಬಂಗುಡೆಗೆ ಹುಣಸೆಹುಳಿ ಬೇಡ, ಇದನ್ನೇ ಹೊಯ್ಯುವ. ಹೇಗೂ ಮಾವಿನಕಾಯಿಯೇ ಅಲ್ವಾ." ಸಾರು ಕೆಂಪಗೆ ಕುದಿಯಿತು. ಐವರೂ ಬೆವರುತ್ತಾ ಉಂಡರು. ಹೇಗಿದೆ ಎಂದು ವಲೇರಿಯನ್ ಮುಚ್ಚುಮರೆ ಇಲ್ಲದೆ ಕೇಳಿದ. ಎಲ್ಲರೂ ಒಟ್ಟಿಗೆ ಬಾಯಿ ಹಾಕಿ ಹೇಳಿದರು. ಖಾರ ಮುಂದೆ ಬರುತ್ತದೆ, ಹಿಂದಿನಿಂದ ದ್ರಾಕ್ಷಿಯ ಸಿಹಿ, ಕೊನೆಗೆ ಮಾವು ಎಂದಳು ಬರ್ತಾ. ಮೀನಿಗೆ ಬೈಯುವ ಹಾಗಿಲ್ಲ, ತಾಜಾ ಎಂದಳು ವಾರಿಜಾ. ಅವನು ಪ್ರತಿ ತುತ್ತಿಗೂ ಕೈ ತಡೆದು ಕೇಳಿಸಿಕೊಂಡ.

ಕೈ ತೊಳೆದ ಮೇಲೆ ರೇವಪ್ಪ ಅಟ್ಟ ಹತ್ತಿ ಸರಿಯಾದ ಭರಣಿ ಇಳಿಸಿದ. ಮರುದಿನ ಚೆನ್ನಪ್ಪ ಉಡುಪಿಯಿಂದ ದ್ರಾಕ್ಷಿ ತಂದ. ಹಬ್ಬ ಹೋದರೆ ಹೋಗಲಿ, ಹೊಸ ವರ್ಷ ಕಳೆದ ಮೇಲೆ ಕುಡಿದರೆ ಚರ್ಚಿನವರೇನು ಬೈಯುತ್ತಾರೆಯೇ ಎಂದು ಅವನ ವಾದ.

ಅಂದಿನಿಂದ ವಾರಿಜಾ ಬೆಳಗ್ಗೆ ಬುಟ್ಟಿ ಹೊತ್ತು ಬಂದವಳು ಮೊದಲು ಶೆಡ್ಡಿಗೆ. ಬರ್ತಾ ಸೋಪು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಮೀನಿನ ಕೈ ತೊಳೆಯದೆ ಭರಣಿ ಮುಟ್ಟುವಂತಿರಲಿಲ್ಲ. ಬಟ್ಟೆ ಸರಿಸಿ, ಬಗ್ಗಿ, ಕಣ್ಣು ಮುಚ್ಚಿ ವಾರಿಜಾ ಮೂಸುತ್ತಿದ್ದಳು. ಹೆಂಡದ ಒಂದು ತೊಟ್ಟೂ ಬಾಯಿಗೆ ಹಾಕಿದವಳಲ್ಲ ಎಂದು ಕೇರಿಯಲ್ಲಿ ಆಣೆ ಹಾಕುವವಳು ಇಲ್ಲಿ ದಿನಾ ಒಂದು ಚಮಚ ರುಚಿ ನೋಡುತ್ತಿದ್ದಳು. ವಲೇರಿಯನ್ ಸೌಟು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ.

"ಎಂತ ಬರ್ತದೆ?"

"ನಿಲ್ಲಿ ಪೊರ್ಬುಗಳೇ, ಅವಸರ ಎಂತ?"

"ಹೇಳು ಮಾರಾಯ್ತಿ."

"ಮೊದಲ ಮಳೆ ಬಿದ್ದ ದಿನ ನಮ್ಮ ಬುಟ್ಟಿಯ ಬೆತ್ತ ಒದ್ದೆಯಾಗ್ತದಲ್ಲ, ಅದರ ಹಾಗೆ ಸ್ವಲ್ಪ. ಅದರ ಮೇಲೆ ದ್ರಾಕ್ಷಿ. ಹುಳಿ ಇನ್ನೂ ಹಿಂದೆ ಉಂಟು."

ಅವನು ಸೌಟು ನಿಲ್ಲಿಸಿ, ಆ ಒದ್ದೆ ಬೆತ್ತವನ್ನು ನೆನಪಿನಲ್ಲಿ ಹುಡುಕುತ್ತಿದ್ದ. ಸಿಕ್ಕಿತೆಂದರೆ ತಲೆಯಾಡಿಸುತ್ತಿದ್ದ. "ಹಾಗಾದರೆ ಇನ್ನು ನಾಲ್ಕು ದಿನ ಬೇಕು" ಎಂದು ಬಟ್ಟೆ ಕಟ್ಟುತ್ತಿದ್ದ.