ತಿಪ್ಪವ್ವ ಹೆಸರಿಟ್ಟಿದ್ದು

ನಾಲತವಾಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ತಿಪ್ಪವ್ವ, ತನ್ನ ಹೆಸರಿಗೆ ಬೇರೆಯವರು ನಗುವ ಮೊದಲೇ ತಾನು ನಕ್ಕು ಮುಗಿಸುವವಳು. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಇವಳು ಹುಟ್ಟಿದೊಡನೆ ಅವ್ವ ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು, ಸಾವಿಗೂ ಬೇಡವಾಗಲಿ ಎಂದು ಈ ಹೆಸರಿಟ್ಟಳು.

"ಯಮ ಬಾಗಲತನಾ ಬಂದಿದ್ನಂತ. ಹೆಸರ ಕೇಳಿ ಮೂಗ ಮುಚಕೊಂಡು ಹೋದ" ಎಂದು ಗಿರಾಕಿಗಳಿಗೆ ಹೇಳುವಳು.

ಅಂಗಡಿಗೆ ಬೋರ್ಡು ಬರೆಸುವಾಗ, ತಿಪ್ಪೆಯ ಹೆಸರು ಓದಿ ಯಾರು ರೊಟ್ಟಿ ಕೊಂಡಾರು, ಅನ್ನಪೂರ್ಣಾ ಅಂತ ಬರೆಸು ಎಂದರು ಓಣಿಯವರು. ಅನ್ನಪೂರ್ಣೆಗೆ ಇಂಥ ಮಸಿ ಮೋರೆ ಇರುವುದಿಲ್ಲ ಎಂದು ತಿಪ್ಪವ್ವ ತನ್ನ ಹೆಸರನ್ನೇ ಬರೆಸಿದಳು. ನಗಲು ಬಂದವರೂ ರೊಟ್ಟಿ ಕಟ್ಟಿಸಿಕೊಂಡು ಹೋದರು.

ಅವಳು ಉಳಿದ ಧೈರ್ಯದ ಮೇಲೆ, ಬಹಳ ವರ್ಷಕ್ಕೆ ಹುಟ್ಟಿದ ತಮ್ಮನಿಗೆ ಅಪ್ಪ ಸಂಜೀವಕುಮಾರ ಎಂದು ಚೆಂದದ ಹೆಸರಿಟ್ಟಿದ್ದ. ಅವನೀಗ ಬಸವನಬಾಗೇವಾಡಿಯಲ್ಲಿ ಹೈಸ್ಕೂಲ್ ಮಾಸ್ತರ. ಹೋದ ವರ್ಷ ಅವನ ಹೆಂಡತಿ ಭಾಗ್ಯಜ್ಯೋತಿಗೆ ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟಿದ್ದ ಜೀವ ವಿಜಯಪುರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು, ಅಂತೂ ಮನೆಗೆ ಬಂತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ತಿಪ್ಪವ್ವ.

ಹೆಸರು ಸ್ಮೃತಿಪ್ರಜ್ಞಾ ಎಂದು ಫೋನಿನಲ್ಲಿ ತಮ್ಮ ತಿಳಿಸಿದಾಗ, ನೀನು ಸೀನಿದೆಯೇನೋ ಎಂದು ಕೇಳಿದಳು ತಿಪ್ಪವ್ವ. ಅವನು ಬಿಡಿಸಿ ಬಿಡಿಸಿ ಹೇಳಿದ. ಇವಳ ನಾಲಿಗೆ ರೊಟ್ಟಿ ಬಡಿಯುವ ಕೈಯಂತಲ್ಲ, ತಿರುಗಿಸಿದತ್ತ ತಿರುಗುವುದಿಲ್ಲ.

ಆ ದಿನ ಮುದ್ದೇಬಿಹಾಳ ದಾಟಿದರೂ ಬಸ್ಸಿನಲ್ಲಿ ಬಾಯಿಪಾಠ ನಡೆದೇ ಇತ್ತು. 'ಸುಮ್ರತಿ' ಹೇಗೋ ಹೊರಟರೆ 'ಪರಗನ್ಯಾ' ಅಡ್ಡ ಬೀಳುತ್ತಿತ್ತು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗಲೂ ಅದೇ ಬಂತು. ಆ ಊರು ಈ ರೂಟಿನಲ್ಲಿಲ್ಲ ಎಂದ ಅವನು. ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ತಿಪ್ಪವ್ವನೇ ನಕ್ಕಳು. ನಕ್ಕು ಮತ್ತೆ ಬಾಯಿಪಾಠಕ್ಕೆ ಬಿದ್ದಳು. ಭಾಗ್ಯಜ್ಯೋತಿಯ ತವರಿನವರು ಕಲಿತವರು. ಅವರೆದುರು ತಮ್ಮನ ಮಾನ ಹೋದೀತು.

ಮನೆ ತುಂಬ ಹೆಂಗಸರು. ಜೋಗುಳ ಮುಗಿದು ಎಲ್ಲರೂ ಸುಮ್ಮನಾದರು. ತಿಪ್ಪವ್ವ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಗೆ ಬಾಯಿಟ್ಟು, ಹೆಸರಿಗೆ ಮುಂಚೆ ಹೇಳುವಂತೆ 'ಕುರ್ರ್' ಎಂದಳು. ಆಮೇಲೆ ಏನೂ ಬರಲಿಲ್ಲ. ದಾರಿಯುದ್ದಕ್ಕೂ ಬಾಯಲ್ಲಿದ್ದ ಹೆಸರು ಎಲ್ಲೋ ಇಳಿದುಹೋಗಿತ್ತು.

ಆಗ ಭಾಗ್ಯಜ್ಯೋತಿ ಸೆರಗು ಸರಿಪಡಿಸುವ ನೆವದಲ್ಲಿ ಪಕ್ಕಕ್ಕೆ ಬಾಗಿದಳು.

"ಅಕ್ಕಾರ, ಮೊದಲ ನಿಮ್ಮ ಹೆಸರ ಹೇಳ್ರಿ. ಪೆಟಗ್ಯಾಗ ಇದ್ದಾಗ ನಾ ಆಕಿನ್ನ ದಿನಾ ತಿಪ್ಪವ್ವ ಅಂತನ ಕರದೇನಿ."

ತಿಪ್ಪವ್ವ ಅವಳ ಮುಖ ನೋಡಿದಳು. "ನಿನ್ನ ಗಂಡಗ ಗೊತ್ತೈತೇನು?"

"ಇಲ್ರಿ."

ಹುಟ್ಟಿದಾಗಿನಿಂದ ನಗೆಚಾಟಿಕೆ ಮಾಡಿಕೊಂಡು ಬಂದ ಆ ಹೆಸರನ್ನು ತಿಪ್ಪವ್ವ ಮೊದಲ ಸಲ ನಗದೆ ಹೇಳಿದಳು, ಕೂಸಿಗೆ ಮಾತ್ರ ಕೇಳುವಂತೆ. ಕೂಡಲೇ ವಾಡಿಕೆಯಂತೆ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು. ಕಣ್ಣಲ್ಲಿ ನೀರು ಯಾಕೆಂದು ಯಾರೂ ಕೇಳಲಿಲ್ಲ. ಗುದ್ದು ಅಷ್ಟು ಜೋರಾಗಿತ್ತು.

ಈಗ ದೊಡ್ಡ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ತಿಪ್ಪವ್ವ 'ಸುಮ್ರತಿಪರ' ಎಂದು ನಿಂತಳು. ಅಕ್ಕನ ನೆರವಿಗೆ ಧಾವಿಸಿದ ಮಾಸ್ತರ ಗಡಿಬಿಡಿಯಲ್ಲಿ 'ಪ್ರಸ್ಮೃತಿಜ್ಞಾ' ಎಂದುಬಿಟ್ಟ. ತವರಿನವರು ಸಹ ಬಿದ್ದು ಬಿದ್ದು ನಕ್ಕರು.

ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ರಜೆಗೆ ನಾಲತವಾಡಕ್ಕೆ ಬಂದರೆ ಹಿಟ್ಟು ನಾದುವ ಕೊಮ್ಮಣಿಗೆಯಲ್ಲಿ ಕೈಯಿಟ್ಟು ಹಿಟ್ಟು ಚೆಲ್ಲುತ್ತದೆ. ತಿಪ್ಪವ್ವ ಯಾವ ಹೆಸರಿನ ತಂಟೆಗೂ ಹೋಗದೆ, ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆಯುವಂತೆ "ಏ ಬಾಯೀ" ಎನ್ನುತ್ತಾಳೆ. ಅದು ತಿರುಗಿ ನೋಡಿ, ಹಿಟ್ಟು ಮೆತ್ತಿದ ಕೈಯನ್ನು ಮತ್ತೆ ಅಲ್ಲೇ ಇಡುತ್ತದೆ.