ಹನ್ನೊಂದು ಮೀನಿನ ಮರಿ

ನಮ್ಮ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಅವನನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತೇವೆ. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ, ಅವನಿಗೇನೂ ಬೇಸರವಿಲ್ಲ. ಹಲ್ಲು ಉದುರಿದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಡಾಕ್ಟರು ಬಾಯಿಯ ಅಳತೆಗೆ ಅಚ್ಚು ತೆಗೆಯುತ್ತಾರೆ, ನಾನು ಆ ಅಚ್ಚುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ವಾರಕ್ಕೆರಡು ಸಲ ಅವನ ಮನೆಗೆ ಹೋಗುತ್ತೇನೆ. ಇಪ್ಪತ್ತು ವರ್ಷದಿಂದ ನಡೆದುಬಂದ ರೂಢಿ ಇದು. ಮೇಲಿನ ದವಡೆ ಕೆಳಗಿನದರ ಮೇಲೆ ಕೂದಲೆಳೆಯಷ್ಟು ಆಚೀಚೆ ಕೂತರೂ ಮೇಣ ಕರಗಿಸಿ ಮೊದಲಿನಿಂದ ಶುರು ಮಾಡುವ ಆಸಾಮಿ. ಸೆಟ್ಟು ಸರಿಹೋಗಲಿಲ್ಲವೆಂದು ವಾಪಸು ಬಂದರೆ, ಅಳತೆಯೇ ತಪ್ಪಿರಬೇಕು ನೋಡಿ ಎನ್ನುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಅವನ ಮಾತೇ ನಿಜವಾಗಿರುತ್ತದೆ. ಅದೇ ಅವನಿಗೆ ಮುಳುವಾಯಿತೋ ಏನೋ.

ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾಳೆ. ಮಕ್ಕಳಿಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವನನ್ನು ಇವರೇ ಕರೆತಂದು ಇಟ್ಟುಕೊಂಡರು. ಮಾವ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಮೂವತ್ತು ವರ್ಷ ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು ಎಂದು ಬರೆದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಹಳೆಯ ವೇಳಾಪಟ್ಟಿ ಅವರ ಬಾಯಲ್ಲೇ ಇತ್ತು. ನಾನು ಹೋದಾಗಲೆಲ್ಲ ಗೋಡೆಯ ಗಡಿಯಾರ ನೋಡಿ, "ಇವತ್ತು ನಾಲ್ಕು ನಿಮಿಷ ಲೇಟು ನೀವು" ಎಂದು ನಗುತ್ತಿದ್ದರು. ಇತ್ತೀಚೆಗೆ ಮಾತ್ರ ಸಣ್ಣಪುಟ್ಟದು ಮರೆಯುತ್ತಿದ್ದರು. ಹಣೆಯ ಮೇಲಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕುವುದು, ತಿಂಡಿ ತಿಂದು ಅರ್ಧ ಗಂಟೆಗೆ ತಿಂಡಿ ಆಯಿತೇ ಎಂದು ಕೇಳುವುದು, ಹೀಗೆ. ಅವರನ್ನು ಸುಮ್ಮನೆ ಕೂರಲು ಬಿಡಬೇಡಿ, ಏನಾದರೊಂದು ಕೆಲಸಕ್ಕೆ ಹಚ್ಚಿ ಎಂದಿದ್ದರಂತೆ ಅವರನ್ನು ನೋಡುತ್ತಿದ್ದ ಡಾಕ್ಟರು.

ಅದಕ್ಕೇ ಮಿಲಿಮೀಟರ್ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದ. ತನ್ನ ಕೆಲಸದ ಮೇಜಿನ ಎದುರಿಗೆ, ಮಾವನ ಕುರ್ಚಿಯ ಪಕ್ಕದಲ್ಲಿ ಇಟ್ಟ. ಹೊಸ ತೊಟ್ಟಿಗೆ ಮೀನು ಬಿಡುವುದೆಂದರೆ ನೀರು ಸುರಿದು ಮೀನು ಹಾಕುವುದಲ್ಲ ಎಂದು ಅವನು ಎಲ್ಲೋ ಓದಿಕೊಂಡಿದ್ದ. ಜಲ್ಲಿಯನ್ನು ಬಕೆಟ್ಟಿನಲ್ಲಿ ಹನ್ನೆರಡು ಸಲ ತೊಳೆದ. ನಾಲ್ಕು ಎಳೆ ಗಿಡ ನೆಟ್ಟು, ನೀರು ತುಂಬಿಸಿ, ನೀರು ಹದಕ್ಕೆ ಬರಲೆಂದು ಮೂರು ವಾರ ಮೀನಿಲ್ಲದೆ ಹಾಗೇ ಬಿಟ್ಟ. ಮಾವ ದಿನವೂ ಅದರ ಮುಂದೆ ಕೂತು ಬರಿಯ ನೀರು ನೋಡುತ್ತಿದ್ದರು. "ಸ್ಟ್ಯಾಂಡ್ ರೆಡಿ, ಗಾಡಿ ಮಾತ್ರ ಬರಲಿಲ್ಲ" ಎನ್ನುತ್ತಿದ್ದರು ನನ್ನ ಹತ್ತಿರ.

ಕೊನೆಗೂ ಸಾಕುಮೀನಿನ ಅಂಗಡಿಯಿಂದ ಐದು ಕಿತ್ತಳೆ ಬಣ್ಣದ ಪ್ಲ್ಯಾಟಿ ಮೀನು ಬಂದವು. ಹೆಬ್ಬೆರಳ ಅರ್ಧದಷ್ಟು ಉದ್ದ, ಹೊಟ್ಟೆ ಗುಂಡಗೆ. ಈ ಜಾತಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಗಂಡು ಹೆಣ್ಣು ಸೇರಿದರೆ ತೊಟ್ಟಿ ಸಾಲದಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗಂಡು ಬೇಡವೇ ಬೇಡ ಎಂದು ಅಂಗಡಿಯವಳಿಗೆ ಹೇಳಿ, ಒಂದೊಂದನ್ನೂ ಗಾಜಿಗೆ ಮೂಗು ಹಚ್ಚಿ ನೋಡಿ, ಐದೂ ಹೆಣ್ಣನ್ನೇ ಆರಿಸಿ ತಂದಿದ್ದ. ಊಟ ಹಾಕುವ ಜವಾಬ್ದಾರಿ ಮಾವನದು. ಅವರು ಒಂದು ನೋಟುಪುಸ್ತಕ ಮಾಡಿಕೊಂಡು, ಎಂಟು ಹತ್ತಕ್ಕೆ ಒಂದು ಚಿಟಿಕೆ, ಸಂಜೆ ಆರಕ್ಕೆ ಒಂದು ಚಿಟಿಕೆ ಎಂದು ಬರೆದು ಕೆಳಗೆ ಸಹಿ ಹಾಕುತ್ತಿದ್ದರು. ಬೆಳಿಗ್ಗೆ ಒಬ್ಬರೇ ಪಾರ್ಕಿಗೆ ಹೋಗಿ ಬಂದದ್ದನ್ನೂ ಬರೆಯುತ್ತಿದ್ದರು. ಆ ಎರಡು ಮೂರು ತಿಂಗಳು ಅವರ ಮುಖದಲ್ಲಿ ಕಳೆ ಬಂದಿತ್ತು. ಗಿಡಗಳೂ ಹಬ್ಬಿ ತೊಟ್ಟಿಯ ಒಂದು ಮೂಲೆ ಪೊದೆಯಂತಾಗಿತ್ತು.

ಒಂದು ಬೆಳಿಗ್ಗೆ ಮಿಲಿಮೀಟರ್ ನೀರು ಬದಲಾಯಿಸಲು ಹೋದರೆ ಗಿಡದ ಬುಡದಲ್ಲಿ ಏನೋ ಮಿಸುಕಿತು. ಭೂತಗನ್ನಡಿ ತಂದು ನೋಡಿದ. ಸಾಸಿವೆಯಷ್ಟು ಕಣ್ಣು, ದಾರದ ಚೂರಿನಂಥ ಮೈ. ಎಣಿಸಿದ, ಹನ್ನೊಂದು ಮರಿ. ಆಮೇಲೆ ದೊಡ್ಡ ಮೀನುಗಳ ಹೊಟ್ಟೆಯಡಿಯ ಈಜುರೆಕ್ಕೆಯನ್ನು ಒಂದೊಂದಾಗಿ ಪರೀಕ್ಷಿಸಿದ; ಗಂಡಿಗೆ ಅದು ಕಡ್ಡಿಯಂತೆ ಚೂಪಾಗಿರುತ್ತದೆ. ಐದಕ್ಕೆ ಐದೂ ಹೆಣ್ಣು. ಅಂದ ಮೇಲೆ ಮರಿಗಳು ಹೊರಗಿನಿಂದ ಬಂದಿರಬೇಕು. ಮನೆಯಲ್ಲಿರುವುದು ಮೂವರು; ಹೆಂಡತಿ ತೊಟ್ಟಿಯ ತಂಟೆಗೇ ಹೋಗುವವಳಲ್ಲ. ಪಾರ್ಕಿನ ಕಾರಂಜಿಯ ಕೊಳದಲ್ಲಿ ಇಂಥವೇ ಮೀನು ಇವೆಯೆಂದು ಮಾವನೇ ಒಮ್ಮೆ ಹೇಳಿದ್ದರು. ಲೆಕ್ಕ ಸರಿಹೋಯಿತು.

ಪಾರ್ಕಿನಿಂದ ಮರಿ ತಂದು ಬಿಟ್ಟಿರಾ ಎಂದು ಅವನು ಕೇಳಿದ. ಇಲ್ಲ ಎಂದರು ಮಾವ. ಕೊಳದ ನೀರಿನಲ್ಲಿ ರೋಗ ಇರುತ್ತದೆ, ನಿಜ ಹೇಳಿದರೆ ಒಳ್ಳೆಯದು ಎಂದ. ಅವರು ಒಳಗೆ ಹೋಗಿ ನೋಟುಪುಸ್ತಕ ತಂದು ತೋರಿಸಿದರು. ಅದರಲ್ಲಿ ಹಾಗೇನೂ ಬರೆದಿರಲಿಲ್ಲ. ಹಿಂದಿನ ದಿನವಷ್ಟೇ ಅವರು ಹಾಲಿಟ್ಟು ಮರೆತು ಪಾತ್ರೆ ಸುಟ್ಟು ಕರಕಲಾಗಿತ್ತು. ಒಲೆ ಆರಿಸಿದ್ದೆ ಎಂದು ಅವರು ವಾದಿಸಿದ್ದರು. ಅದೆಲ್ಲ ಅವನ ತಲೆಯಲ್ಲಿತ್ತು.

"ಮಾವ, ನೀವು ತಂದಿದ್ದೀರಿ. ನಿಮಗೆ ನೆನಪಿಲ್ಲ ಅಷ್ಟೆ" ಎಂದ. "ನಿನ್ನೆ ಒಲೆ ಆರಿಸಿದ್ದೂ ನೆನಪಿದೆ ಅಂದಿದ್ರಲ್ಲ."

ಅವರು ಪುಸ್ತಕ ಮುಚ್ಚಿದರು. ನಾನು ಅಚ್ಚಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಷ್ಟು ಲೇಟು ಎಂದು ಅವತ್ತು ಅವರು ನನಗೆ ಹೇಳಲಿಲ್ಲ.

ಆಮೇಲೆ ನಡೆದದ್ದನ್ನು ಮಿಲಿಮೀಟರನೇ ಹೇಳಿದ್ದು. ಮಾವ ಎರಡು ದಿನ ಮಗಳ ಹಿಂದೆ ಮುಂದೆ ಸುತ್ತುತ್ತ, ಪಾರ್ಕಿನಿಂದ ಬಂದಾಗ ನನ್ನ ಕೈಯಲ್ಲಿ ಏನಾದರೂ ಇತ್ತಾ ಎಂದು ಕೇಳುತ್ತಿದ್ದರಂತೆ. ಸರಿಯಾಗಿ ನೆನಪು ಮಾಡಿಕೊಳ್ಳಪ್ಪ ಎಂದು ಅವಳೂ ಹೇಳಿದಳು. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನಾಲ್ಕನೆಯ ದಿನ ಅವರು ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಮೇಲಧಿಕಾರಿಯ ಮುಂದೆ ನಿಂತಂತೆ ಅಳಿಯನ ಮೇಜಿನ ಮುಂದೆ ಬಂದು ನಿಂತರು.

"ಅಳಿಯಂದ್ರೆ, ನಾನೇ ತಂದು ಬಿಟ್ಟಿದ್ದು. ಈಗ ನೆನಪಾಯ್ತು. ತಪ್ಪಾಯ್ತು."

ಇವನು ದೊಡ್ಡ ಮನಸ್ಸು ಮಾಡಿ, ಹೋಗಲಿ ಬಿಡಿ ಮಾವ, ಯಾರಿಗಾದರೂ ಆಗುತ್ತೆ ಎಂದ. ಅವರು ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಇನ್ನು ತಾನೊಬ್ಬನೇ ಹೊರಗೆ ಹೋಗುವುದು ಬೇಡ ಎಂದರು. ಇವನು ಅದನ್ನು ತೆಗೆದು ಡ್ರಾಯರಿನಲ್ಲಿಟ್ಟ. ಹಾಗೇ ಇರಲಿ, ಜೋಪಾನವಾಗಿರುವುದು ಒಳ್ಳೆಯದೇ ಎನ್ನಿಸಿತು. ಸಂಜೆ ನೋಟುಪುಸ್ತಕ ತೆರೆದಿತ್ತು. ಹಳೆಯ ತಾರೀಖಿನ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಬೇರೆ ಶಾಯಿಯಲ್ಲಿ, ಇಕ್ಕಟ್ಟಾಗಿ, 'ಏಳು ಇಪ್ಪತ್ತು, ಕೊಳದಿಂದ ಮರಿ' ಎಂದು ಸೇರಿಸಿ ಸಹಿ ಹಾಕಿದ್ದರು.

ಮರಿಗಳನ್ನು ದೊಡ್ಡ ಮೀನು ತಿನ್ನದಿರಲೆಂದು ಅವನು ಒಂದು ಗಾಜಿನ ಭರಣಿಗೆ ಸೋಸಿ ಹಾಕಿದ. ಮೀನಿನ ಊಟವನ್ನು ಹಲ್ಲಿನ ಪುಡಿಯಷ್ಟು ನುಣ್ಣಗೆ ಅರೆದು ಕೊಟ್ಟ. ಹನ್ನೊಂದರಲ್ಲಿ ಒಂಬತ್ತು ಉಳಿದವು. ಮಾವ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಪಾರ್ಕು ನಿಂತಿತು. ಊಟ ಹಾಕುವ ಮುನ್ನ ಪ್ರತಿ ಸಲವೂ, ಹಾಕಲಾ, ಈಗಾಗಲೇ ಹಾಕಿದೆನಾ ಎಂದು ಕೇಳತೊಡಗಿದರು. ಮುಖ ತೊಳೆದೆನಾ, ಮಾತ್ರೆ ತಗೊಂಡೆನಾ ಎಂದು ಕೇಳುವುದೂ ಶುರುವಾಯಿತು. ತಾವು ಮಾಡಿದ ಯಾವುದರ ಮೇಲೂ ಅವರಿಗೆ ನಂಬಿಕೆ ಉಳಿದಿರಲಿಲ್ಲ.

ಒಂದು ತಿಂಗಳು ಕಳೆಯಿತು. ಗಿಡದ ಬುಡದಲ್ಲಿ ಮತ್ತೆ ಮರಿ ಕಾಣಿಸಿದವು. ಈ ಸಲ ಆರೇಳು. ಮಾವ ಆ ತಿಂಗಳೆಲ್ಲ ಹೊಸ್ತಿಲು ದಾಟಿರಲಿಲ್ಲ. ಗೇಟಿನ ಬೀಗದ ಕೈ ಡ್ರಾಯರಿನಲ್ಲೇ ಇತ್ತು. ಮಿಲಿಮೀಟರ್ ಕೆಲಸ ಅಲ್ಲಿಗೇ ಬಿಟ್ಟು ಮೀನಿನ ಅಂಗಡಿಗೆ ಹೋದ. ನೀವು ಕೊಟ್ಟದ್ದರಲ್ಲಿ ಒಂದೂ ಗಂಡಿಲ್ಲ, ಮರಿ ಹೇಗೆ ಬಂತು ಎಂದು ಕೇಳಿದ. ಅಂಗಡಿಯವಳು ಬಲೆ ತೊಳೆಯುತ್ತಿದ್ದಳು, ತಲೆಯನ್ನೂ ಎತ್ತಲಿಲ್ಲ.

"ಇಲ್ಲಿ ಗಂಡಿನ ಜೊತೆ ತಾನೇ ಇದ್ದವು ಸಾರ್. ಒಂದು ಸಲ ಕೂಡಿದ್ರೆ ಸಾಕು, ಆಮೇಲೆ ಗಂಡೇ ಇಲ್ದೆ ಐದಾರು ತಿಂಗಳು ಮರಿ ಹಾಕ್ತಾವೆ. ಮೊದಲು ಹಾಕಿದ್ದನ್ನ ಅವೇ ತಿಂದಿರ್ತಾವೆ, ನಿಮ್ಮ ಕಣ್ಣಿಗೆ ಬಿದ್ದಿರಲ್ಲ. ಈಗ ಗಿಡ ಬೆಳೆದಿದೆ, ಅಡಗಿಕೊಂಡು ಉಳಿದಿವೆ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. "ನೀವು ಗಂಡು ಬೇಡ ಅಂದ್ರಿ, ಕೊಡಲಿಲ್ಲ. ಮರಿ ಬೇಡ ಅಂತ ಅನ್ನಲಿಲ್ವಲ್ಲ" ಎಂದಳು ಅವಳು.

ಅವನು ನೇರ ಅಂಚೆ ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಕೌಂಟರಿನ ಕಿಂಡಿಯಲ್ಲಿ ಹೆಂಡತಿಗೆ ಹೇಳಿದನಂತೆ. ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಲಕೋಟೆಗೆ ಮುದ್ರೆ ಒತ್ತಿ ಪಕ್ಕಕ್ಕಿಟ್ಟಳು. ನನಗಲ್ಲ, ಅಪ್ಪನಿಗೆ ಹೇಳಿ, ನೀವೇ ಹೇಳಿ ಎಂದಳು. ಸಾಲಿನಲ್ಲಿ ಹಿಂದೆ ನಿಂತವರು ಮುಂದೆ ಬಂದರು.

ಅವನು ಮನೆಗೆ ಬಂದು ಮಾವನ ಎದುರು ಮಣೆ ಹಾಕಿಕೊಂಡು ಕೂತ. ಎಲ್ಲ ಬಿಡಿಸಿ ಹೇಳಿದ. ತಪ್ಪು ನನ್ನದು, ನೀವು ಏನೂ ತಂದಿರಲಿಲ್ಲ, ನಿಮ್ಮ ನೆನಪು ಸರಿಯಾಗೇ ಇತ್ತು, ಕ್ಷಮಿಸಿ ಎಂದ. ಮಾವ ಗಮನವಿಟ್ಟು ಕೇಳಿದರು. ಆಮೇಲೆ ಅವನ ಕೈ ಹಿಡಿದು ತಟ್ಟಿದರು.

"ನೀವು ಒಳ್ಳೆಯವರು. ಮುದುಕನ ಮನಸ್ಸಿಗೆ ನೋವಾಗಬಾರದು ಅಂತ ಹೇಳ್ತಿದ್ದೀರಿ. ನನಗೆ ಚೆನ್ನಾಗಿ ನೆನಪಿದೆ ಅಳಿಯಂದ್ರೆ."

ಹೇಗೆ ತಂದೆನೆಂದು ವಿವರಿಸಿದರು. ಮೋಡದ ದಿನವಂತೆ. ಕೊಳದ ಕಟ್ಟೆಯ ಮೇಲೆ ಹಸಿರು ಸ್ವೆಟರಿನ ಹೆಂಗಸೊಬ್ಬಳು ಕೂತಿದ್ದಳಂತೆ. ಅವಳೇ ಪ್ಲಾಸ್ಟಿಕ್ ಕವರು ಕೊಟ್ಟಳಂತೆ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಕೊಟ್ಟಳಂತೆ. ದಾರಿಯುದ್ದಕ್ಕೂ ನೀರು ಸೋರಿ ಪ್ಯಾಂಟು ಒದ್ದೆಯಾಯಿತಂತೆ. ನಡೆಯದೇ ಇದ್ದದ್ದು ಅವರ ಕಣ್ಣಿಗೆ ಕಟ್ಟಿದಂತಿತ್ತು. ಅವನು ಮರುದಿನ ಮತ್ತೆ ಹೇಳಿ ನೋಡಿದ. ಹೊಸ ಮರಿಗಳನ್ನು ತೋರಿಸಿದ. ಅವರಿಗೆ ಗಾಬರಿಯಾಯಿತು. "ಮತ್ತೆ ತಂದ್ನಾ ನಾನು?" ಎಂದು ಕೇಳಿದರು. ಇನ್ನು ಆ ವಿಷಯ ಎತ್ತಬೇಡಿ ಎಂದು ಹೆಂಡತಿ ಹೇಳಿದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಏಳಕ್ಕೆ ಅವನೇ ಮಾವನ ಕೈ ಹಿಡಿದು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಎಷ್ಟು ಕೆಲಸವಿದ್ದರೂ ತಪ್ಪಿಸಲಿಲ್ಲ. ನಮ್ಮ ಸೆಟ್ಟುಗಳು ತಡವಾಗತೊಡಗಿದವು. ಮರಿಗಳು ದೊಡ್ಡವಾದ ಮೇಲೆ ಕೆಲವು ನಮ್ಮ ಕ್ಲಿನಿಕ್ಕಿಗೆ ಬಂದವು, ಉಳಿದವು ಮೀನಿನಂಗಡಿಗೇ ಹೋದವು. ಅದಾದ ಮೇಲೆ ಮಾವ ಒಂದೂವರೆ ವರ್ಷ ಬದುಕಿದ್ದರು. ಕಡೆಯ ಆರು ತಿಂಗಳು ಮಗಳನ್ನು ಯಾರೋ ಲೇಡಿ ಕಂಡಕ್ಟರ್ ಎಂದು ತಿಳಿದು, ಟ್ರಿಪ್ ಮುಗಿಯಿತೇನಮ್ಮ ಎಂದು ವಿಚಾರಿಸುತ್ತಿದ್ದರು. ಆ ಕಾಯಿಲೆ ಬರುವುದಿತ್ತು, ಬಂತು, ನಿಮ್ಮ ಒಂದು ಮಾತಿನಿಂದ ಬಂದದ್ದಲ್ಲ ಎಂದು ಮಾವನ ಡಾಕ್ಟರು ಅವನಿಗೆ ಎರಡು ಮೂರು ಸಲ ಹೇಳಿದ್ದಾರೆ.

ಹೋದ ವಾರ ಅಚ್ಚು ಕೊಡಲು ಹೋದಾಗ, ಡಾಕ್ಟರೇ ಹೇಳಿದ ಮೇಲೆ ನೀನು ಯಾಕೆ ಕೊರಗುತ್ತೀಯ ಎಂದು ನಾನೂ ಕೇಳಿದೆ. ಅವನು ಮೇಣದ ಚಾಕು ಒರೆಸುತ್ತಿದ್ದ.

"ಕಾಯಿಲೆ ನನ್ನಿಂದ ಬರಲಿಲ್ಲ, ಒಪ್ತೀನಿ. ಆದ್ರೆ ಅದು ಪೂರ್ತಿ ಬರೋ ಮುಂಚೆ ಅವರಿಗೆ ಇನ್ನೂ ಸ್ವಲ್ಪ ದಿನ ಇತ್ತು. ಒಬ್ಬರೇ ಪಾರ್ಕಿಗೆ ಹೋಗಿ ಬರೋ ದಿನ. ಅದನ್ನ ನಾನು ಕಿತ್ಕೊಂಡೆ." ಒಳಗೆ ಹೆಂಡತಿ ಇದ್ದಾಳೇನೋ ಎಂದು ಬಾಗಿಲ ಕಡೆ ನೋಡಿದ. "ಅವರು ಬಂದು ಮರಿ ನಾನೇ ತಂದಿದ್ದು ಅಂದ್ರಲ್ಲ, ಆಗ ನನಗೆ ಖುಷಿಯಾಗಿತ್ತು ಕಣೋ. ನೋಡು, ನಾನು ಹೇಳಿದ್ದೇ ಸರಿ ಅಂತ. ಇದೊಂದನ್ನ ಅವಳಿಗೆ ಇವತ್ತಿಗೂ ಹೇಳಿಲ್ಲ."

ನಾನು ಪೆಟ್ಟಿಗೆ ಮೇಜಿನ ಮೇಲಿಟ್ಟು, ಚೀಟಿಗೆ ಅವನ ಸಹಿ ಹಾಕಿಸಿಕೊಂಡು ಹೊರಟೆ.