ದಸ್ತಗೀರ ಸಾಹೇಬರು ಮತ್ತು ನಿಪ್ಪಾಣಿಯ ಹಳೆಯ ಸರ್ವರ್

ದಸ್ತಗೀರ ಸಾಹೇಬರಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕ ಕೀಬೋರ್ಡು ಹೋಗಿ ಗೋಡೆಗೆ ಬಡಿಯುತ್ತಿತ್ತು. ಶಿರಗುಪ್ಪಿ ಹತ್ತಿರದ ನಮ್ಮ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಸರ್ವರ್ ಕೋಣೆಯಲ್ಲಿ ಚಹಾದ ಕಪ್ಪು ಇಟ್ಟನೆಂದು ಒಮ್ಮೆ ಮ್ಯಾನೇಜರನ ಕೊರಳಪಟ್ಟಿಯನ್ನೇ ಹಿಡಿದಿದ್ದರು. ಯಂತ್ರಗಳ ಮುಂದೆ ಮಾತ್ರ ಅವರದು ಬೇರೆಯದೇ ತಾಳ್ಮೆ. ಮೇಲ್ ಕೈಕೊಟ್ಟಿತೆಂದು ನಾವು ಕೂಗಾಡಿದರೆ, "ಮೇಲ್ ಸರ್ವರಿಗೆ ಯಾಕ ಬೈತೀರಿ? ನಿಮ್ಮ ಪಾಸ್‌ವರ್ಡ್ ಖರೇನೋ ಸುಳ್ಳೋ ಅದಕ್ಕೇನ್ ಗೊತ್ತು? ಎಲ್ಲಾರ ಪಾಸ್‌ವರ್ಡ್ ಇಟ್ಕೊಂಡಿರೋ ಡೈರೆಕ್ಟರಿ ಸರ್ವರನ್ನ ಅದು ಕೇಳತೈತಿ. ಯಾವ ಸರ್ವರನ್ನ ಕೇಳಾಕತ್ತೈತಿ, ಅದನ್ನ ಮೊದ್ಲ ನೋಡ್ಬೇಕು" ಎನ್ನುತ್ತಿದ್ದರು.

ನಾನು ಕಬ್ಬು ವಿಭಾಗದ ಗುಮಾಸ್ತ. ಕಟಾವಿನ ತಂಡ ಯಾವ ಊರಿಗೆ ಹೋಗಬೇಕೆಂಬ ಆದೇಶ ನನ್ನ ಮೇಲ್‌ನಿಂದ ಹೋಗುತ್ತಿತ್ತು. ಎರಡು ಸಾವಿರದ ಹತ್ತರ ಆಚೀಚಿನ ಒಂದು ಹಂಗಾಮಿನಲ್ಲಿ, ಬೆಳಿಗ್ಗೆ ಕಚೇರಿ ತೆರೆಯುತ್ತಿದ್ದಂತೆ ಜುಗೂಳದ ರೈತರು ನುಗ್ಗಿದರು. ಅವರ ಊರಿನ ಕಟಾವು ನಿಲ್ಲಿಸಿ ತಂಡಗಳನ್ನು ಬೇರೆಡೆ ಕಳಿಸಬೇಕೆಂಬ ಮೇಲ್ ನನ್ನ ಹೆಸರಿನಲ್ಲಿ ಹೋಗಿತ್ತು. ಅದರ ಪ್ರತಿ ಅವರ ಕೈಯಲ್ಲೇ ಇತ್ತು.

ನಾನು ಕಳಿಸಿಲ್ಲ ಎನ್ನುವಷ್ಟರಲ್ಲಿ ಕಪಾಳಕ್ಕೆ ಬಿತ್ತು. ಕಿಟಕಿಯ ಗಾಜುಗಳು ಒಡೆದವು. ಯಾರೋ ಕೂದಲು ಹಿಡಿದು ನೆಲಕ್ಕೆ ಕೆಡವಿದರು. ಹೊಟ್ಟೆಗೆ, ಬೆನ್ನಿಗೆ ಒದೆಗಳು ಬಿದ್ದವು.

"ಕಬ್ಬ ನಿಂತಲ್ಲೇ ಒಣಗಾಕತ್ತೈತಿ! ಯಾರಿಗೆ ಮಾರ್ಕೊಂಡಿ ಲೇ?"

ಒಬ್ಬ ಕಬ್ಬು ಕಡಿಯುವ ಕೊಯ್ತ ಎತ್ತಿದ. ಅಷ್ಟರಲ್ಲಿ ಸಾಹೇಬರು ಓಡಿಬಂದು ನನ್ನ ಮೇಲೆ ಅಡ್ಡಬಿದ್ದರು. ಏಟು ಅವರ ಎಡಗಿವಿಗೆ ಬಿತ್ತು. ಕಿವಿ ಹರಿದು ಅಂಗಿಯೆಲ್ಲ ರಕ್ತವಾಯಿತು. ಅದನ್ನು ಕಂಡು ಗುಂಪು ಹಿಂದೆ ಸರಿಯಿತು.

ಸಾಹೇಬರು ಕಿವಿಗೆ ಟವೆಲ್ ಒತ್ತಿಕೊಂಡು ಎದ್ದರು. "ಹತ್ತ ಮಿನಿಟ್ ಕೊಡ್ರಿ. ಇಂವಾ ಕಳಿಸಿದ್ರ ಇವನ್ನ ನಾನ ನಿಮ್ಮ ಕೈಯಾಗ ಕೊಡ್ತೇನಿ."

ರೈತರ ಮುಂದಾಳು ಅಪ್ಪಾಸಾಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಲ್ ಸರ್ವರಿನ ದಾಖಲೆ ತೆರೆದರು. ಹೊಸ ಡೈರೆಕ್ಟರಿ ಸರ್ವರ್ ಬಂದಾಗ ನಾವೆಲ್ಲ ಪಾಸ್‌ವರ್ಡ್ ಬದಲಿಸಿದ್ದೆವು. ಆದರೆ ಕಾರ್ಖಾನೆಯ ನಿಪ್ಪಾಣಿ ಶಾಖಾ ಕಚೇರಿಯಲ್ಲಿದ್ದ ಹಳೆಯ ಡೈರೆಕ್ಟರಿ ಸರ್ವರನ್ನು ಯಾರೂ ಬಂದ್ ಮಾಡಿರಲಿಲ್ಲ. ಹೊಸದು ಉತ್ತರ ಕೊಡಲು ತಡಮಾಡಿದಾಗಲೆಲ್ಲ ಮೇಲ್ ಸರ್ವರ್ ಹಳೆಯದನ್ನು ಕೇಳುತ್ತಿತ್ತು. ಅದು ಹಳೆಯ ಪಾಸ್‌ವರ್ಡಿಗೇ ಹೂಂ ಎನ್ನುತ್ತಿತ್ತು. ದಾಖಲೆಯಲ್ಲಿ ಆ ಮೇಲ್ ಹೋದ ಹೊತ್ತಿನ ಸಾಲಿನಲ್ಲಿ ನಿಪ್ಪಾಣಿ ಸರ್ವರಿನ ಹೆಸರಿತ್ತು. ಕಳಿಸಿದ ಕಂಪ್ಯೂಟರು ಅಲ್ಲಿನ ಗುಮಾಸ್ತನದು. ತಂಡಗಳು ಹೋದದ್ದು ಅವನ ಮಾವನ ಊರಿಗೆ.

"ನಿನ್ನ ಹಳೇ ಪಾಸ್‌ವರ್ಡ್ ಅವಂಗ ಹೆಂಗ ಗೊತ್ತಾತು?" ಸಾಹೇಬರು ನನ್ನನ್ನು ಕೇಳಿದರು.

ಒಮ್ಮೆ ರಜೆಗೆ ಹೋಗುವಾಗ ನಾನೇ ಅವನಿಗೆ ಹೇಳಿದ್ದೆ. ಕೊಯ್ತ ಹಿಡಿದವನು ಇನ್ನೂ ಬಾಗಿಲಲ್ಲೇ ನಿಂತಿದ್ದ.

"ಗೊತ್ತಿಲ್ರಿ" ಎಂದೆ.

ಸಾಹೇಬರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಅಪ್ಪಾಸಾಬನತ್ತ ತಿರುಗಿ, "ಕದ್ದಿರಬೇಕ್ರಿ" ಎಂದರು.

ಕಿವಿಗೆ ಹೊಲಿಗೆ ಹಾಕಿಸಿಕೊಂಡವರೇ ನಿಪ್ಪಾಣಿಗೆ ಹೋಗಿ ಹಳೆಯ ಸರ್ವರಿನ ವೈರು ಕಿತ್ತರು. ಆ ಗುಮಾಸ್ತನ ಎರಡು ಹಲ್ಲು ಉದುರಿಸಿದರು. ಅವನ ಕೆಲಸ ಹೋಯಿತು. ಹೊಡೆದದ್ದಕ್ಕಾಗಿ ಸಾಹೇಬರದೂ ಹೋಯಿತು.

ನಾಲ್ಕೈದು ವರ್ಷಗಳ ನಂತರ, ಅಥಣಿಯಲ್ಲಿ ಅವರು ಇಟ್ಟಿದ್ದ ರಿಪೇರಿ ಅಂಗಡಿಗೆ ಹೋದೆ. ಅವರ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬಲಗಡೆ ಕೂತು, "ಸಾಹೇಬ್ರ, ಆ ಪಾಸ್‌ವರ್ಡ್ ಅವಂಗ ಕೊಟ್ಟಾಂವ ನಾನ ರೀ" ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಹೊಡೆಯುತ್ತಾರೆಂದುಕೊಂಡೆ.

"ಅವತ್ತ ನಿನ್ನ ಮಾರಿ ನೋಡಿದಾಗನ ಗೊತ್ತಾತು. ಖರೇ ಹೇಳಿದ್ರ ಅಲ್ಲೇ ಕಡದ ಹಾಕ್ತಿದ್ರು. ಆದ್ರ ಮರುದಿನಾದ್ರೂ ಬಂದ ಹೇಳ್ತಿ ಅಂತ ದಾರಿ ನೋಡಿದ್ನೆಪಾ."

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಬಾಗಿದರು. ಮುಂದಿನ ಸಲ ನಾನು ಅಥಣಿಗೆ ಹೋಗುವಷ್ಟರಲ್ಲಿ ಸಾಹೇಬರು ತೀರಿಕೊಂಡಿದ್ದರು.